ವರದಿಗೆ ವೇಗ ಬೇಕು, ಬಾಕಿಗೆ ಸತ್ಯ ಬೇಕು

ಸಂಡೂರು ತಾಲ್ಲೂಕಿನ ದೋಣಿಮಲೈ ಗಣಿಯಲ್ಲಿ ಎನ್‌ಎಂಡಿಸಿ ಸಂಸ್ಥೆಯು 1977ರಲ್ಲಿ ಕಬ್ಬಿಣದ ಅದಿರು ತೆಗೆಯಲು ಆರಂಭಿಸಿದಾಗ, ಈ ಭಾಗದ ವರ್ತಕರ ಹಾಗೂ ಲಾರಿ ಮಾಲೀಕರ ಲೆಕ್ಕವೆಲ್ಲ ಖಾತೆ ಪುಸ್ತಕಗಳಲ್ಲಿ ಇತ್ತು. ಗುಮಾಸ್ತನು ದಿನವಹಿಯಲ್ಲಿ ಬರೆದುಕೊಂಡದ್ದನ್ನು ಸಂಜೆ ಖತಾವಣಿಗೆ ಏರಿಸುತ್ತಿದ್ದನು. ಮಾಲೀಕರು ಒಂದು ಮೊತ್ತವನ್ನು ಕೇಳಿದರೆ ಪುಟದ ಕೆಳಗೆ ಮೊದಲೇ ಕೂಡಿಸಿಟ್ಟ ಅಂಕಿ ಸಿಗುತ್ತಿತ್ತು. ಇಂದು ತೂಕದ ಚೀಟಿ, ಪರ್ಮಿಟ್ಟು, ಟ್ರಿಪ್ಪು, ಡೀಸೆಲ್, ಟೈರು, ಚಾಲಕನ ಬತ್ತೆ ಎಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಬರೆದಿಡುವ ಕೆಲಸ ಸುಲಭವಾಗಿದೆ. ಆದರೆ ಬರೆದಿಟ್ಟದ್ದನ್ನು ಕೇಳಿ ಪಡೆಯುವ ಕೆಲಸ ಅನೇಕ ಕಚೇರಿಗಳಲ್ಲಿ ಕಷ್ಟವಾಗಿದೆ.

ತಿಂಗಳ ಕೊನೆಯಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಕಳೆದ ಮೂರು ವರ್ಷಗಳಲ್ಲಿ ಯಾವ ಗ್ರಾಹಕರಿಗೆ ಎಷ್ಟು ಟನ್ ಹೋಗಿದೆ, ಯಾವ ಲಾರಿ ಎಷ್ಟು ದುಡಿದಿದೆ, ಯಾರಿಂದ ಎಷ್ಟು ಬರಬೇಕಾಗಿದೆ ಎಂದು ಮಾಲೀಕರು ಕೇಳಿದೊಡನೆ ಪರದೆಯ ಮೇಲಿನ ಚಕ್ರ ಸುತ್ತತೊಡಗುತ್ತದೆ. ವರದಿ ತಡವಾಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ವರದಿಯನ್ನು ಹುಡುಕಿ ಕೂಡಿಸುತ್ತಿರುವ ಸರ್ವರೇ ತೂಕದ ಸೇತುವೆಯ ಚೀಟಿಯನ್ನೂ ಮುದ್ರಿಸಬೇಕಾಗಿರುವುದರಿಂದ, ಒಳಗೆ ಮಾಲೀಕರು ಅಂಕಿಗಾಗಿ ಕಾಯುವಾಗ ಹೊರಗೆ ಲಾರಿಗಳು ಚೀಟಿಗಾಗಿ ಕಾಯುತ್ತವೆ. ಕಂಪ್ಲಿಯ ಅಕ್ಕಿ ಗಿರಣಿ, ಹೊಸಪೇಟೆಯ ಬಿಡಿಭಾಗಗಳ ಮಳಿಗೆ, ತೋರಣಗಲ್ಲಿನ ಸುತ್ತಲಿನ ಸಣ್ಣ ಕಾರ್ಖಾನೆ, ಇವುಗಳ ಅನುಭವವೂ ಭಿನ್ನವಾಗಿರಲಾರದು.

ತಂತ್ರಾಂಶ ಮಾರುವವರಲ್ಲಿ ಅನೇಕರು ಇದಕ್ಕೆ ನೀಡುವ ಸಲಹೆ ಒಂದೇ: ಹೊಸ ಸರ್ವರ್ ಕೊಳ್ಳಿರಿ. ಬಹುತೇಕ ಸಣ್ಣ ಉದ್ಯಮಗಳಿಗೆ ಈ ಸಲಹೆ ಅನಗತ್ಯ ವೆಚ್ಚದ ದಾರಿ. ಇರುವ ಯಂತ್ರದಲ್ಲಿಯೇ, ಪದೇ ಪದೇ ಕೇಳುವ ವರದಿಗಳ ಫಲಿತಾಂಶವನ್ನು ಮೆಮೊರಿಯಲ್ಲಿ ಸಿದ್ಧವಾಗಿಟ್ಟುಕೊಳ್ಳುವ ವಿಧಾನವೊಂದಿದೆ. ಅದು ಅಗ್ಗವಾದುದು, ಪರೀಕ್ಷಿತವಾದುದು. ಆದರೆ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಲೇಬಾರದು ಎಂಬ ತೀರ್ಮಾನವನ್ನು ತಂತ್ರಜ್ಞರಿಗೆ ಬಿಟ್ಟುಕೊಡದೆ ವರ್ತಕರೇ ಮಾಡಬೇಕು. ಬಳ್ಳಾರಿ ಸೀಮೆಯ ಇತ್ತೀಚಿನ ಇತಿಹಾಸವೇ ಈ ಎಚ್ಚರಿಕೆಯನ್ನು ಹೇಳುತ್ತದೆ.

ವಿಳಂಬದ ಮೂಲ

ದಿನಕ್ಕೆ 400 ಟ್ರಿಪ್ ಸಾಗಿಸುವ ಒಂದು ಸಾಗಣೆ ಸಂಸ್ಥೆಯನ್ನು ಉದಾಹರಣೆಯಾಗಿ ಊಹಿಸಬಹುದು. ವರ್ಷಕ್ಕೆ 300 ದಿನಗಳ ಕೆಲಸವೆಂದರೆ 1,20,000 ಟ್ರಿಪ್‌ಗಳು. ಐದು ವರ್ಷಕ್ಕೆ 6,00,000. ಪ್ರತಿ ಟ್ರಿಪ್ಪಿಗೂ ತೂಕ, ಡೀಸೆಲ್, ಬತ್ತೆ, ಬಿಲ್ಲು ಎಂದು ನಾಲ್ಕು ಕಡೆ ನಮೂದಾದರೆ ಒಟ್ಟು 24 ಲಕ್ಷ ಸಾಲುಗಳಾಗುತ್ತವೆ. ಒಂದು ಟ್ರಿಪ್ಪನ್ನು ಸೇರಿಸುವಾಗ ದತ್ತಸಂಚಯವು ಒಂದೆರಡು ಸಾಲುಗಳನ್ನು ಮಾತ್ರ ಮುಟ್ಟುತ್ತದೆ. ಆದ್ದರಿಂದ ಅದು ಕ್ಷಣದಲ್ಲಿ ಮುಗಿಯುತ್ತದೆ. ಐದು ವರ್ಷದ ವರದಿ ಕೇಳಿದಾಗಲಾದರೋ ಅದು ಎಲ್ಲ ಸಾಲುಗಳನ್ನು ತೆರೆದು, ಒಂದನ್ನು ಇನ್ನೊಂದಕ್ಕೆ ಜೋಡಿಸಿ, ಗ್ರಾಹಕವಾರು ತಿಂಗಳುವಾರು ಬೇರ್ಪಡಿಸಿ ಕೂಡಿಸಬೇಕು.

ಈ ಸಾಲುಗಳು ಇರುವ ಸ್ಥಳವೂ ಮುಖ್ಯ. ಮೆಮೊರಿಯಿಂದ ಒಂದು ಅಂಶವನ್ನು ಓದಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಘನಸ್ಥಿತಿ ಡಿಸ್ಕಿನಿಂದ ಓದಲು ಸುಮಾರು 100 ಮೈಕ್ರೋಸೆಕೆಂಡ್, ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹುಡುಕಲು ಸುಮಾರು 10 ಮಿಲಿಸೆಕೆಂಡ್ ಬೇಕು. ಮೆಮೊರಿಯ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕಿದರೆ, ಘನಸ್ಥಿತಿ ಡಿಸ್ಕಿಗೆ ಸುಮಾರು 17 ನಿಮಿಷವೂ ತಿರುಗುವ ಡಿಸ್ಕಿಗೆ 27 ಗಂಟೆಗೂ ಹೆಚ್ಚು ಕಾಲವೂ ಹಿಡಿಯುತ್ತದೆ. ಅಂತರ ಇಷ್ಟು ದೊಡ್ಡದು.

ಇನ್ನೊಂದು ಕಡೆ ವರದಿಯ ಗಾತ್ರವನ್ನು ನೋಡಬೇಕು. 40 ಗ್ರಾಹಕರು, 60 ತಿಂಗಳು ಎಂದರೆ ಕೇವಲ 2,400 ಸಾಲುಗಳು. ಸಾಲಿಗೆ 100 ಬೈಟ್‌ನಂತೆ ಲೆಕ್ಕ ಹಾಕಿದರೂ ಒಟ್ಟು 2.4 ಲಕ್ಷ ಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕಿಂತ ಕಡಿಮೆ. 24 ಲಕ್ಷ ಸಾಲುಗಳನ್ನು ಕಡೆದು ತೆಗೆದ ಬೆಣ್ಣೆ ಇಷ್ಟೇ. ಈ ಬೆಣ್ಣೆಯನ್ನು ಎತ್ತಿಡದೆ, ಕೇಳಿದಾಗಲೆಲ್ಲ ಮತ್ತೆ ಮೊಸರು ಕಡೆಯುವುದೇ ಇಂದಿನ ಅನೇಕ ತಂತ್ರಾಂಶಗಳ ಪದ್ಧತಿ.

ಹಂಡೆಯ ನೀರು

ಮನೆಯಲ್ಲಿ ಬಾವಿ ಇದ್ದರೂ ಪ್ರತಿ ಲೋಟ ನೀರಿಗೂ ಹಗ್ಗ ಹಿಡಿದು ಸೇದುವವರು ಯಾರೂ ಇಲ್ಲ, ಹಂಡೆಯಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ತಂತ್ರಜ್ಞರು ಕ್ಯಾಶ್ ಎಂದು ಕರೆಯುವುದು ಇಂತಹ ಹಂಡೆಯನ್ನೇ. ವರ್ತಕರ ಭಾಷೆಯಲ್ಲಿ ಕ್ಯಾಶ್ ಎಂದರೆ ನಗದು. ಇದು ಬೇರೆಯ ಕ್ಯಾಶ್. ಗೊಂದಲವಾಗದಿರಲು ಇದನ್ನು ಮೆಮೊರಿ ಸಂಗ್ರಹ ಎಂದು ಕರೆಯಬಹುದು. ವರದಿಯನ್ನು ಒಮ್ಮೆ ಲೆಕ್ಕ ಹಾಕಿ ಫಲಿತಾಂಶವನ್ನು ಮೆಮೊರಿಯಲ್ಲಿ ಒಂದು ಹೆಸರಿನಡಿ ಇಡುವುದು, ಮುಂದೆ ಅದೇ ವರದಿಯನ್ನು ಕೇಳಿದವರಿಗೆ ಅದನ್ನೇ ಕೊಡುವುದು, ಗೊತ್ತುಪಡಿಸಿದ ಅವಧಿ ಮುಗಿದಾಗ ಅಥವಾ ಮೂಲ ಲೆಕ್ಕ ಬದಲಾದಾಗ ಅದನ್ನು ಚೆಲ್ಲಿ ಹೊಸದಾಗಿ ತುಂಬುವುದು, ಇಷ್ಟೇ ಅದರ ಕಾರ್ಯ.

ಈ ಸಾಧನಗಳು ದೊಡ್ಡ ಕಂಪನಿಗಳ ವೈಭವಕ್ಕಾಗಿ ಹುಟ್ಟಿದವಲ್ಲ. ಮೆಮ್‌ಕ್ಯಾಶ್ಡ್ ಎಂಬ ತಂತ್ರಾಂಶವನ್ನು ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಅವರು 2003ರಲ್ಲಿ ತಮ್ಮ ಲೈವ್‌ಜರ್ನಲ್ ತಾಣದ ದತ್ತಸಂಚಯದ ಮೇಲಿನ ಭಾರ ಇಳಿಸಲು ರಚಿಸಿದರು. ಇಟಲಿಯ ಸಾಲ್ವಟೋರೆ ಸ್ಯಾನ್‌ಫಿಲಿಪೊ ಅವರದು ಇನ್ನೂ ಹತ್ತಿರದ ಉದಾಹರಣೆ. ಅಂತರಜಾಲ ತಾಣಗಳಿಗೆ ಬಂದು ಹೋಗುವವರ ಲೆಕ್ಕವನ್ನು ಆ ಕ್ಷಣದಲ್ಲಿಯೇ ತೋರಿಸುವ ಸಣ್ಣ ವ್ಯವಹಾರವೊಂದನ್ನು ಅವರು ನಡೆಸುತ್ತಿದ್ದರು. ಸಾಮಾನ್ಯ ದತ್ತಸಂಚಯವು ಆ ವೇಗಕ್ಕೆ ಒದಗದಿದ್ದಾಗ 2009ರಲ್ಲಿ ರೆಡಿಸ್ ಎಂಬ ಮೆಮೊರಿ ಸಂಗ್ರಹವನ್ನು ತಾವೇ ಬರೆದರು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಈ ಸಾಧನವು ಒಬ್ಬ ಸಣ್ಣ ಉದ್ಯಮಿಯ ವರದಿಯ ತೊಂದರೆಯಿಂದಲೇ ಹುಟ್ಟಿತೆಂಬುದನ್ನು ವರ್ತಕರು ಗಮನಿಸಬೇಕು.

ಮೊದಲು ಮಾಡಬೇಕಾದುದು

ಹಾಗೆಂದು ವರದಿ ನಿಧಾನವಾದೊಡನೆ ಮೆಮೊರಿ ಸಂಗ್ರಹಕ್ಕೆ ಹಾರುವುದೂ ತಪ್ಪು. ಮೊದಲನೆಯದಾಗಿ, ದತ್ತಸಂಚಯದಲ್ಲಿ ದಿನಾಂಕ ಮತ್ತು ಗ್ರಾಹಕ ಸಂಖ್ಯೆಗೆ ಸೂಚಿ ಇದೆಯೇ ಎಂದು ಪರಿಶೀಲಿಸಬೇಕು. ಸೂಚಿ ಇಲ್ಲದ ದತ್ತಸಂಚಯವು ಪುಟಸಂಖ್ಯೆ ಇಲ್ಲದ ಖಾತೆ ಪುಸ್ತಕದಂತೆ. ಒಂದು ಹೆಸರಿಗಾಗಿ ಎಲ್ಲ ಪುಟಗಳನ್ನು ತಿರುವಬೇಕು. ಎರಡನೆಯದಾಗಿ, ವರದಿಯು ಬೇಕಾದ ಅಂಕಣಗಳನ್ನು ಮಾತ್ರ ಕೇಳುತ್ತಿದೆಯೇ ಅಥವಾ ಎಲ್ಲವನ್ನೂ ಎಳೆದು ತಂದು ಆಮೇಲೆ ಎಸೆಯುತ್ತಿದೆಯೇ ಎಂದು ನೋಡಬೇಕು. ಈ ಎರಡು ಕೆಲಸಗಳಿಗೆ ಹೊಸ ಯಂತ್ರವೂ ಬೇಡ, ಹೊಸ ತಂತ್ರಾಂಶವೂ ಬೇಡ. ತಿಳಿದವನೊಬ್ಬನ ಅರ್ಧ ದಿನದ ದುಡಿಮೆ ಸಾಕಾಗುವುದುಂಟು.

ಮೂರನೆಯದು ಮೊತ್ತದ ಕೋಷ್ಟಕ. ತಿಂಗಳು ಮುಗಿದೊಡನೆ ಗ್ರಾಹಕವಾರು ಮೊತ್ತವನ್ನು ಬೇರೊಂದು ಕೋಷ್ಟಕದಲ್ಲಿ ಬರೆದಿಡುವುದು ಹಳೆಯ ಗುಮಾಸ್ತರ ಖತಾವಣಿಯ ವಿದ್ಯೆಯೇ. ಮೇಲಿನ ಉದಾಹರಣೆಯಲ್ಲಿ 59 ತಿಂಗಳ ಮೊತ್ತ ಸಿದ್ಧವಾಗಿದ್ದರೆ ಚಾಲ್ತಿ ತಿಂಗಳ ಸುಮಾರು 10,000 ಟ್ರಿಪ್‌ಗಳನ್ನು ಮಾತ್ರ ಕೂಡಿಸಿದರಾಯಿತು. 6 ಲಕ್ಷವನ್ನು ಮುಟ್ಟಬೇಕಾಗಿಲ್ಲ. ಇಷ್ಟಾದ ಮೇಲೂ ಒಂದೇ ವರದಿಯನ್ನು ಹಲವರು ಹಲವು ಬಾರಿ ತೆರೆಯುತ್ತಿದ್ದರೆ, ಆಗ ಮೆಮೊರಿ ಸಂಗ್ರಹದ ಸರದಿ. ಹೊಸ ಸರ್ವರಿನ ಪ್ರಶ್ನೆ ಬರಬೇಕಾದುದು ಇವೆಲ್ಲದರ ಕೊನೆಗೆ.

ದತ್ತಸಂಚಯಗಳು ಇತ್ತೀಚೆಗೆ ಓದಿದ ಸಾಲುಗಳನ್ನು ತಾವಾಗಿಯೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತವೆ ಎಂಬುದೂ ನೆನಪಿನಲ್ಲಿರಬೇಕು. ಆದ್ದರಿಂದ ಬಿಡಿ ಸಾಲುಗಳನ್ನು ಮತ್ತೊಂದು ಸಂಗ್ರಹದಲ್ಲಿ ತುಂಬಿದರೆ ಹೆಚ್ಚಿನ ಲಾಭವಿಲ್ಲ. ಕೂಡಿಸಿ ಮುಗಿಸಿದ ಫಲಿತಾಂಶವನ್ನು ಇಟ್ಟಾಗಲೇ ದುಡಿಮೆ ಉಳಿಯುತ್ತದೆ. ಹತ್ತು ಜನ ಹತ್ತು ಬಗೆಯ ದಿನಾಂಕಗಳಿಗೆ ಹತ್ತು ಬಗೆಯ ವರದಿ ಕೇಳುವ ಕಚೇರಿಯಲ್ಲಿಯೂ ಲಾಭ ಕಡಿಮೆ. ಒಬ್ಬರಿಗಾಗಿ ಕಾಸಿದ ಹಾಲು ಇನ್ನೊಬ್ಬರಿಗೆ ಒದಗುವುದಿಲ್ಲ. ವರದಿಗಳನ್ನು ದಿನ, ವಾರ, ತಿಂಗಳು ಎಂದು ನಿಗದಿಪಡಿಸಿಕೊಂಡ ಶಿಸ್ತಿನ ಕಚೇರಿಗೆ ಮಾತ್ರ ಈ ವಿಧಾನ ಪೂರ್ಣ ಫಲ ಕೊಡುತ್ತದೆ.

ಪರ್ಮಿಟ್ಟಿನ ಬಾಕಿಯ ಪಾಠ

ಈಗ ಮುಖ್ಯ ಪ್ರಶ್ನೆ. ಮೆಮೊರಿ ಸಂಗ್ರಹದಿಂದ ಬಂದ ಅಂಕಿ ಯಾವಾಗಲೂ ಸ್ವಲ್ಪ ಹಳೆಯದು. ಹತ್ತು ನಿಮಿಷ ಹಳೆಯದಿರಬಹುದು, ಒಂದು ಗಂಟೆ ಹಳೆಯದಿರಬಹುದು. ಈ ಹಳತು ಎಲ್ಲಿ ಸಹ್ಯ?

ಒಂದು ಅದಿರು ರವಾನೆ ಪರ್ಮಿಟ್ಟಿನ ಪ್ರಮಾಣ 4,000 ಟನ್ ಎಂದೂ, ಬೆಳಿಗ್ಗೆ 10 ಗಂಟೆಗೆ 3,960 ಟನ್ ರವಾನೆಯಾಗಿ 40 ಟನ್ ಬಾಕಿ ಇದೆಯೆಂದೂ ಭಾವಿಸಬಹುದು. 10 ಗಂಟೆ 15 ನಿಮಿಷದೊಳಗೆ ತಲಾ 18 ಟನ್ನಿನ ಎರಡು ಲಾರಿಗಳು ಹೊರಟರೆ ನಿಜವಾದ ಬಾಕಿ 4 ಟನ್. ಆದರೆ ಅರ್ಧ ಗಂಟೆಗೊಮ್ಮೆ ಹೊಸದಾಗುವ ಸಂಗ್ರಹವು ಇನ್ನೂ 40 ಟನ್ ಎಂದೇ ತೋರಿಸುತ್ತಿರುತ್ತದೆ. ಅದನ್ನು ನಂಬಿದ ಗುಮಾಸ್ತನು ಮೂರನೆಯ 18 ಟನ್ನಿನ ಲಾರಿಗೆ ಚೀಟಿ ಕೊಟ್ಟರೆ 14 ಟನ್ ಅದಿರು ಪರ್ಮಿಟ್ಟಿಲ್ಲದೆ ರಸ್ತೆಗೆ ಬಂದಂತಾಯಿತು. ಗುಮಾಸ್ತನ ಮನಸ್ಸಿನಲ್ಲಿ ವಂಚನೆ ಇರಲಿಲ್ಲ. ಮಾಲೀಕನಿಗೆ ಸಂಗತಿ ಗೊತ್ತೇ ಇರಲಿಲ್ಲ. ಆದರೂ 1957ರ ಗಣಿ ಮತ್ತು ಖನಿಜಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯ 21ನೆಯ ಕಲಮಿನಡಿ ಖನಿಜವನ್ನೂ ವಾಹನವನ್ನೂ ಜಪ್ತಿ ಮಾಡಲು ಅವಕಾಶವಿದೆ. ವರದಿಯಲ್ಲಿ ನಲವತ್ತು ಸೆಕೆಂಡ್ ಉಳಿಸಲು ಹೋಗಿ ಲಾರಿಯನ್ನೇ ಕಳೆದುಕೊಳ್ಳುವ ವ್ಯಾಪಾರವಿದು.

ಈ ಸೀಮೆಯಲ್ಲಿ ಇದು ಕೇವಲ ಕಲ್ಪನೆಯ ಭಯವಲ್ಲ. ಪರ್ಮಿಟ್ಟಿಗೂ ನಿಜವಾದ ರವಾನೆಗೂ ಹೊಂದದ ಲೆಕ್ಕ, ಮಿತಿಮೀರಿದ ಭಾರ, ಪರ್ಮಿಟ್ಟಿಲ್ಲದ ಸಾಗಣೆ ಇವುಗಳ ವಿವರಗಳನ್ನು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ 2008ರ ಮತ್ತು 2011ರ ವರದಿಗಳು ನಾಡಿನ ಮುಂದಿಟ್ಟವು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಆ ಬಳಿಕ ಆಗಸ್ಟ್‌ನಲ್ಲಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ಅದಿರು ತೆಗೆಯಲು ಅನುಮತಿ ದೊರೆಯಿತು. 2013ರ ಏಪ್ರಿಲ್ 18ರ ತೀರ್ಪಿನಿಂದ ಉಳಿದ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ಷರತ್ತುಗಳೊಡನೆ ಕೆಲವಕ್ಕೆ ಮರಳಿ ಅವಕಾಶ ಸಿಕ್ಕಿತು. ಅದಿರಿನ ಮಾರಾಟವು ವರ್ಷಗಟ್ಟಲೆ ಉಸ್ತುವಾರಿ ಸಮಿತಿಯ ಇ-ಹರಾಜಿನ ಮೂಲಕವೇ ನಡೆಯಿತು. 2022ರ ಮೇ ತಿಂಗಳಿನಲ್ಲಿ ಮಾತ್ರ ನ್ಯಾಯಾಲಯವು ನೇರ ಮಾರಾಟಕ್ಕೆ ಒಪ್ಪಿತು.

ಈ ಪ್ರಕರಣಗಳಿಗೆ ಕಾರಣ ಗಣಕಯಂತ್ರವಲ್ಲ, ಮನುಷ್ಯರ ನಡತೆ. ಆದರೆ ಅದರಿಂದ ವರ್ತಕರು ಕಲಿಯಬೇಕಾದ ಪಾಠ ಲೆಕ್ಕದ್ದೇ. ತಪ್ಪು ಮಾಡಿದವರೊಡನೆ, ತಪ್ಪು ಮಾಡದ ಲಾರಿ ಮಾಲೀಕರು, ಗ್ಯಾರೇಜಿನವರು, ಟೈರು ವ್ಯಾಪಾರಿಗಳು, ಹೋಟೆಲಿನವರು ಕೂಡ ಸಂಡೂರು, ಹೊಸಪೇಟೆಗಳಲ್ಲಿ ಅದರ ಬಿಸಿ ಉಂಡರು. ಒಂದು ಟನ್ನಿನ ಲೆಕ್ಕವೂ ಹೊಂದಬೇಕೆಂದು ಇಡೀ ವ್ಯವಸ್ಥೆ ಒತ್ತಾಯಿಸುವ ಈ ಕಾಲದಲ್ಲಿ, ಬಾಕಿಯ ಅಂಕಿಯನ್ನು ಹಳೆಯ ಹಂಡೆಯಿಂದ ಮೊಗೆದು ಕೊಡುವ ತಂತ್ರಾಂಶವು ಪ್ರಾಮಾಣಿಕ ವರ್ತಕನನ್ನೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬಲ್ಲುದು.

ಆದ್ದರಿಂದ ಒಂದು ಗೆರೆ ಎಳೆಯಬೇಕು. ನೋಡಿ ತಿಳಿಯುವ ಅಂಕಿ ಬೇರೆ. ನೋಡಿದೊಡನೆ ಸರಕನ್ನೋ ಹಣವನ್ನೋ ಬಿಟ್ಟುಕೊಡುವ ಅಂಕಿ ಬೇರೆ. ಕಳೆದ ವರ್ಷದ ರವಾನೆ, ಲಾರಿವಾರು ಗಳಿಕೆ, ಋತುವಾರು ಮಾರಾಟ, ಗ್ರಾಹಕರ ಸರಾಸರಿ ಪಾವತಿ ದಿನಗಳು, ಇವು ಮೊದಲ ಬಗೆಯವು. ಒಂದು ಗಂಟೆ ಹಳೆಯದಾದರೂ ಬಾಧಕವಿಲ್ಲ. ಪರ್ಮಿಟ್ಟಿನ ಬಾಕಿ, ಗೋದಾಮಿನಲ್ಲಿ ಮಾರಲು ಉಳಿದ ಮೂಟೆಗಳು, ಗ್ರಾಹಕನ ಸಾಲದ ಮಿತಿ, ಬ್ಯಾಂಕಿನ ಓವರ್‌ಡ್ರಾಫ್ಟ್ ಉಳಿಕೆ, ಇವು ಎರಡನೆಯ ಬಗೆಯವು. ಇವನ್ನು ಪ್ರತಿ ಬಾರಿಯೂ ಮೂಲ ಲೆಕ್ಕದಿಂದಲೇ ಓದಬೇಕು. ಕಂಪ್ಲಿಯ ಗಿರಣಿಯವರು ಎರಡು ಕೌಂಟರುಗಳಿಂದ ಒಂದೇ 100 ಮೂಟೆಯನ್ನು ಇಬ್ಬರಿಗೆ ಮಾರಿಬಿಡುವುದು ಈ ಗೆರೆ ಅಳಿಸಿಹೋದಾಗಲೇ. ಎಪಿಎಂಸಿ ಅಂಗಳದ ಫಲಕದ ಮೇಲೆ ಬೆಳಿಗ್ಗೆ ಬರೆದ ದರವನ್ನು ಓದಿ ಮಾರುಕಟ್ಟೆಯ ಹದ ತಿಳಿಯಬಹುದು. ಆದರೆ ಮಧ್ಯಾಹ್ನದ ಸವಾಲಿನಲ್ಲಿ ಆ ದರಕ್ಕೇ ಹಣ ಎಣಿಸಿ ಕೊಡುವ ವರ್ತಕನಿಲ್ಲ.

ಮುಗಿದ ತಿಂಗಳು ಮುಗಿದಿದೆಯೇ?

ಮುಗಿದ ತಿಂಗಳ ಮೊತ್ತ ಬದಲಾಗದು ಎಂಬ ನಂಬಿಕೆಯ ಮೇಲೆ ಸಂಗ್ರಹ ನಿಂತಿದೆ. ವ್ಯಾಪಾರದಲ್ಲಿ ಈ ನಂಬಿಕೆ ಪೂರ್ತಿ ನಿಜವಲ್ಲ. ಹಿಂದಿನ ದಿನಾಂಕ ಹಾಕಿ ಬಿಲ್ಲು ನಮೂದಿಸುವುದು, ತೇವಾಂಶದ ಕಡಿತಕ್ಕಾಗಿ ಆಮೇಲೆ ಕ್ರೆಡಿಟ್ ನೋಟ್ ಕೊಡುವುದು, ತೂಕದ ವ್ಯತ್ಯಾಸವನ್ನು ಸರಿಪಡಿಸುವುದು ಅದಿರಿನ ವ್ಯವಹಾರದಲ್ಲಿಯೂ ಅಕ್ಕಿಯ ವ್ಯವಹಾರದಲ್ಲಿಯೂ ನಡೆದೇ ಇರುತ್ತದೆ. ಮಾರ್ಚ್ ತಿಂಗಳ ನಮೂದು ಜೂನ್‌ನಲ್ಲಿ ತಿದ್ದಲ್ಪಟ್ಟರೆ, ಸಂಗ್ರಹದಲ್ಲಿರುವ ಮಾರ್ಚ್ ಮೊತ್ತವನ್ನು ಆ ಕ್ಷಣವೇ ಚೆಲ್ಲಬೇಕು. ಯಾವ ನಮೂದು ಬದಲಾದರೆ ಯಾವ ವರದಿಯನ್ನು ಚೆಲ್ಲಬೇಕೆಂಬ ಪಟ್ಟಿಯನ್ನು ತಯಾರಿಸುವುದೇ ಈ ಕೆಲಸದ ಕಠಿಣ ಭಾಗ. ಸಂಗ್ರಹ ಕಟ್ಟುವುದು ಒಂದು ವಾರದ ಕೆಲಸವಾದರೆ ಅದನ್ನು ಸರಿಯಾಗಿ ಚೆಲ್ಲುವುದನ್ನು ಕಲಿಸುವುದು ಒಂದು ತಿಂಗಳ ಕೆಲಸವಾದೀತು.

ಜಿಎಸ್‌ಟಿ ವಿವರಪಟ್ಟಿಗಳನ್ನು ಬಲ್ಲ ವರ್ತಕರಿಗೆ ಈ ವ್ಯತ್ಯಾಸ ಹೊಸದಲ್ಲ. 2-ಎ ನಮೂನೆಯು ಸರಬರಾಜುದಾರರು ವಿವರ ಸಲ್ಲಿಸಿದಂತೆಲ್ಲ ಬದಲಾಗುತ್ತ ಹೋಗುವ ಪಟ್ಟಿ. 2020ರಲ್ಲಿ ಬಂದ 2-ಬಿ ನಮೂನೆಯು ಪ್ರತಿ ತಿಂಗಳ 14ರಂದು ಸಿದ್ಧವಾಗುವ ಪಟ್ಟಿ. ಮೊದಲನೆಯದು ಬಾವಿ, ಎರಡನೆಯದು ಹಂಡೆ. ಹೂಡುವಳಿ ತೆರಿಗೆ ಜಮೆಯನ್ನು ನಿಶ್ಚಿಂತೆಯಿಂದ ಪಡೆಯಲು ನಿಂತ ಅಂಕಿಯೇ ಬೇಕೆಂದು ವರ್ತಕರೇ ಬಯಸಿದ್ದರು. 2024ರ ಅಕ್ಟೋಬರ್‌ನಲ್ಲಿ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆ ಜಾರಿಯಾದ ಮೇಲೆ, ವರ್ತಕನು ಬಿಲ್ಲುಗಳ ಬಗ್ಗೆ ಆಮೇಲೆ ಕ್ರಮ ಕೈಗೊಂಡರೆ ಆ ಪಟ್ಟಿಯನ್ನು ಮರುಗಣನೆ ಮಾಡಿಸಿಕೊಳ್ಳಬೇಕಾಗುತ್ತದೆ. ಮೂಲ ಬದಲಾದರೆ ಸಿದ್ಧಪಟ್ಟಿಯನ್ನು ಮತ್ತೆ ತುಂಬಿಸಬೇಕೆಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸರಿಯಾದ ಸಂಗ್ರಹಕ್ಕೆ ಬೇಕಾದುದು ಎರಡೇ: ಅದು ಯಾವ ಹೊತ್ತಿನದೆಂದು ಎಲ್ಲರಿಗೂ ತಿಳಿದಿರಬೇಕು, ಬದಲಾದಾಗ ಅದನ್ನು ಹೊಸದಾಗಿಸುವ ದಾರಿ ತೆರೆದಿರಬೇಕು.

ಇನ್ನೊಂದು ಅಪಾಯ ಜನಸಂದಣಿಯದು. ಇ-ವೇ ಬಿಲ್ ವ್ಯವಸ್ಥೆಯು ದೇಶಾದ್ಯಂತ 2018ರ ಫೆಬ್ರವರಿ 1ರಂದು ಜಾರಿಯಾಗಬೇಕಾಗಿತ್ತು. ತಾಂತ್ರಿಕ ತೊಡಕುಗಳಿಂದ ಅಂದು ಮುಂದೂಡಲ್ಪಟ್ಟು ಏಪ್ರಿಲ್ 1ರಿಂದ ಆರಂಭವಾಯಿತು. ಎಲ್ಲರೂ ಒಂದೇ ಹೊತ್ತಿಗೆ ಬಾಗಿಲು ತಟ್ಟಿದಾಗ ಏನಾಗುವುದೆಂಬುದನ್ನು ಲಾರಿ ಬಾಡಿಗೆಯವರು ಇಂತಹ ಸಂದರ್ಭಗಳಲ್ಲಿ ಕಂಡಿದ್ದಾರೆ. ಸಣ್ಣ ಕಚೇರಿಯಲ್ಲಿಯೂ ಇದೇ ನಡೆಯುತ್ತದೆ. ಸಂಗ್ರಹದ ಅವಧಿ ಬೆಳಿಗ್ಗೆ 10ಕ್ಕೆ ಸರಿಯಾಗಿ ಮುಗಿದು, ಆಗಲೇ ಹತ್ತು ಜನ ಒಂದೇ ವರದಿಯನ್ನು ತೆರೆದರೆ ಹತ್ತು ಲೆಕ್ಕಗಳು ಒಟ್ಟಿಗೆ ಆರಂಭವಾಗಿ ಸರ್ವರ್ ಮೊದಲಿಗಿಂತ ಹೆಚ್ಚು ನರಳುತ್ತದೆ. ಒಬ್ಬನು ಹೊಸ ನೀರು ಸೇದುವ ತನಕ ಉಳಿದವರು ಹಳೆಯದನ್ನೇ ಬಳಸುವಂತೆ ವ್ಯವಸ್ಥೆ ಮಾಡಬೇಕು. ಅಥವಾ ಕಚೇರಿ ತೆರೆಯುವ ಮೊದಲೇ ಸಂಗ್ರಹವನ್ನು ತುಂಬಿಸಿಡಬೇಕು.

ವೆಚ್ಚ, ಭದ್ರತೆ, ಕಾನೂನು

ವೆಚ್ಚದ ಮಾತು ಸಮಾಧಾನಕರವಾಗಿದೆ. ಮೆಮ್‌ಕ್ಯಾಶ್ಡ್ ಉಚಿತ ಬಳಕೆಗೆ ಲಭ್ಯವಿದೆ. ರೆಡಿಸ್ ತಂತ್ರಾಂಶದ ಪರವಾನಗಿ ಷರತ್ತುಗಳು 2024ರ ಮಾರ್ಚ್‌ನಲ್ಲಿ ಬದಲಾದಾಗ ಅದರ ಹಳೆಯ ಮುಕ್ತ ಆವೃತ್ತಿಯಿಂದ ವಾಲ್ಕೀ ಎಂಬ ಕವಲು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಹುಟ್ಟಿತು. 2025ರಲ್ಲಿ ರೆಡಿಸ್ ಕೂಡ ಮತ್ತೆ ಮುಕ್ತ ಪರವಾನಗಿಯೊಂದನ್ನು ಸೇರಿಸಿತು. ಸಣ್ಣ ಕಚೇರಿಯ ಒಳಬಳಕೆಗೆ ಇವುಗಳಲ್ಲಿ ಯಾವುದಾದರೂ ಸಾಕು. ದುಡ್ಡು ಕೊಡಬೇಕಾದುದು ತಂತ್ರಾಂಶಕ್ಕಲ್ಲ, ಅದನ್ನು ತಿಳಿದು ಜೋಡಿಸುವ ಕೈಗೆ.

ಭದ್ರತೆಯಲ್ಲಿ ಮಾತ್ರ ಉದಾಸೀನ ಸಲ್ಲದು. ಗುಪ್ತಪದವಿಲ್ಲದೆ ಅಂತರಜಾಲಕ್ಕೆ ತೆರೆದಿಟ್ಟ ಮೆಮೊರಿ ಸಂಗ್ರಹಗಳು ದಾಳಿಗೆ ತುತ್ತಾದ ಉದಾಹರಣೆಗಳು ಜಗತ್ತಿನಲ್ಲಿ ಹೇರಳವಾಗಿವೆ. ಗ್ರಾಹಕರ ಪಟ್ಟಿಯೂ ದರವೂ ಅದರಲ್ಲಿರುವುದರಿಂದ ಅದು ಕಚೇರಿಯ ಒಳಜಾಲದಲ್ಲಿ ಮಾತ್ರ ಇರಬೇಕು. ಒಳಗಿನವರ ವಿಷಯದಲ್ಲಿಯೂ ಎಚ್ಚರ ಬೇಕು. ಮಾಲೀಕರಿಗಾಗಿ ಲೆಕ್ಕ ಹಾಕಿದ ಲಾಭದ ವರದಿಯನ್ನು ಅದೇ ಹೆಸರಿನಡಿ ಇಟ್ಟರೆ, ಮಾರಾಟದ ಹುಡುಗನು ಅದೇ ಪುಟವನ್ನು ತೆರೆದಾಗ ಅವನಿಗೂ ಅದು ಕಾಣಿಸಿಬಿಡಬಹುದು. ಯಾರಿಗೆ ಯಾವುದನ್ನು ನೋಡುವ ಅಧಿಕಾರವಿದೆ ಎಂಬುದು ಸಂಗ್ರಹದ ಹೆಸರಿನಲ್ಲಿಯೇ ಸೇರಿರಬೇಕು.

ಮೆಮೊರಿಯಲ್ಲಿರುವುದು ವಿದ್ಯುತ್ ಹೋದೊಡನೆ ಅಳಿಯುತ್ತದೆ. ಡಿಸ್ಕಿಗೆ ಪ್ರತಿ ಬರೆದಿಡುವ ಅನುಕೂಲ ಕೆಲವು ಸಾಧನಗಳಲ್ಲಿ ಇದ್ದರೂ, ಸಂಗ್ರಹವು ಎಂದಿಗೂ ಲೆಕ್ಕದ ಮೂಲವಾಗಬಾರದು; ಅದು ಸಂಪೂರ್ಣ ಅಳಿದರೂ ಮೂಲದಿಂದ ಮತ್ತೆ ಕಟ್ಟುವಂತಿರಬೇಕು. ಕಾನೂನೂ ಇದನ್ನೇ ಬಯಸುತ್ತದೆ. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ಲೆಕ್ಕ ತಂತ್ರಾಂಶವನ್ನೇ ಬಳಸಬೇಕು. ಆ ಜಾಡು ಇರುವುದು ಮೂಲ ಲೆಕ್ಕದಲ್ಲಿ. ಲೆಕ್ಕಪರಿಶೋಧಕರ ಮುಂದೆ ಇಡಬೇಕಾದುದೂ ಅದನ್ನೇ; ವೇಗಕ್ಕಾಗಿ ಮಾಡಿಕೊಂಡ ಪ್ರತಿಯನ್ನಲ್ಲ.

ಒಪ್ಪಂದದಲ್ಲಿ ಬರೆಯಿಸಬೇಕಾದುದು

ಈ ವಿಧಾನವನ್ನು ವಿರೋಧಿಸುವವರ ಮಾತಿನಲ್ಲಿಯೂ ಹುರುಳಿದೆ. ಹಳೆಯ ಲೆಕ್ಕಿಗರು, ತಡವಾದರೂ ಸರಿ, ನಿಜವಾದ ಅಂಕಿಯೇ ಬೇಕು ಎನ್ನುತ್ತಾರೆ. ಆದರೆ ತಡವಾದ ವರದಿಯನ್ನು ಕ್ರಮೇಣ ಯಾರೂ ನೋಡುವುದಿಲ್ಲ ಎಂಬುದು ಅನುಭವದ ಮಾತು. ನಾಲ್ಕು ನಿಮಿಷ ಕಾಯಿಸುವ ಬಾಕಿ ಪಟ್ಟಿಯನ್ನು ಮಾಲೀಕರು ತಿಂಗಳಿಗೊಮ್ಮೆ ನೋಡುತ್ತಾರೆ. ಅರೆಕ್ಷಣದಲ್ಲಿ ಬರುವುದನ್ನು ದಿನವೂ ನೋಡುತ್ತಾರೆ. 90 ದಿನ ದಾಟಿದ ಬಾಕಿ ಒಂದು ತಿಂಗಳು ಮೊದಲೇ ಕಣ್ಣಿಗೆ ಬಿದ್ದರೆ ಅದರ ವಸೂಲಿಯ ಸಾಧ್ಯತೆಯೇ ಬೇರೆ. ದೋಣಿಮಲೈ ಗಣಿಯು 2018ರ ನವೆಂಬರ್‌ನಿಂದ 2021ರ ಫೆಬ್ರವರಿಯವರೆಗೆ ಗುತ್ತಿಗೆ ನವೀಕರಣದ ವಿವಾದದಿಂದ ನಿಂತಿತ್ತು. ಅಂತಹ ದಿನ ಬಂದಾಗ ಯಾವ ಗ್ರಾಹಕರ ಮೇಲೆ ಎಷ್ಟು ಹಣ ನಿಂತಿದೆ ಎಂಬುದನ್ನು ಅಂದೇ ಬಲ್ಲ ವರ್ತಕನಿಗೂ, ತಿಂಗಳ ಬಳಿಕ ತಿಳಿಯುವ ವರ್ತಕನಿಗೂ ಇರುವ ಅಂತರವು ಅಂಗಡಿ ಉಳಿಯುವುದಕ್ಕೂ ಮುಚ್ಚುವುದಕ್ಕೂ ಇರುವ ಅಂತರವಾಗಬಹುದು.

ಆದುದರಿಂದ ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ವರ್ತಕರು ಕೆಲವು ಅಂಶಗಳನ್ನು ಬರೆಯಿಸಿಕೊಳ್ಳುವುದು ಒಳಿತು. ಹೊಸ ಯಂತ್ರವನ್ನು ಸೂಚಿಸುವ ಮೊದಲು ಸೂಚಿ ಹಾಗೂ ಮೊತ್ತದ ಕೋಷ್ಟಕಗಳ ಪರಿಶೀಲನೆ ನಡೆದಿರಬೇಕು. ವರದಿಗೆ ಹಿಡಿಯುವ ಸಮಯವನ್ನು ಮೊದಲೂ ಆಮೇಲೂ ಅಳೆದು ತೋರಿಸಬೇಕು. ಸಂಗ್ರಹದಿಂದ ಬರುವ ಪ್ರತಿ ವರದಿಯ ತಲೆಯಲ್ಲಿ, ಇದು ಯಾವ ದಿನ ಎಷ್ಟು ಗಂಟೆಯ ಲೆಕ್ಕ ಎಂದು ಮುದ್ರಿತವಾಗಿರಬೇಕು. ಮೂಲದಿಂದಲೇ ಹೊಸದಾಗಿ ತರುವ ಗುಂಡಿ ಪ್ರತಿ ವರದಿಯಲ್ಲಿಯೂ ಇರಬೇಕು. ಸರಕು, ಹಣ, ಪರ್ಮಿಟ್ಟುಗಳನ್ನು ಬಿಡುಗಡೆ ಮಾಡುವ ಪರದೆಗಳು ಸಂಗ್ರಹವನ್ನು ಮುಟ್ಟುವುದಿಲ್ಲ ಎಂಬ ಲಿಖಿತ ಖಾತರಿ ಬೇಕು. ತಿಂಗಳಿಗೊಮ್ಮೆ ಎರಡು ಮೂರು ವರದಿಗಳನ್ನು ಸಂಗ್ರಹದಿಂದಲೂ ಮೂಲದಿಂದಲೂ ತೆಗೆದು ತಾಳೆ ನೋಡುವ ಕೆಲಸವನ್ನು ಲೆಕ್ಕಿಗನಿಗೆ ವಹಿಸಬೇಕು. ಇವುಗಳನ್ನು ಒಪ್ಪದ ಮಾರಾಟಗಾರನು ವೇಗದ ಬಗ್ಗೆ ಎಷ್ಟೇ ಹೊಗಳಿಕೊಂಡರೂ ಅವನಿಂದ ದೂರವಿರುವುದೇ ಲೇಸು.

ವಾಣಿಜ್ಯ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ತೆರಿಗೆ ಕಾರ್ಯಾಗಾರಗಳನ್ನು ನಡೆಸುವಂತೆಯೇ, ಇಂತಹ ಒಪ್ಪಂದದ ಒಂದು ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ, ಒಬ್ಬೊಬ್ಬ ವರ್ತಕನೂ ಮಾರಾಟಗಾರನ ಮುಂದೆ ಒಂಟಿಯಾಗಿ ಕುಳಿತು ಚೌಕಾಶಿ ಮಾಡುವುದು ತಪ್ಪುತ್ತದೆ.

ಹಳೆಯ ಗುಮಾಸ್ತನು ಪುಟದ ಕೆಳಗೆ ಮೊತ್ತ ಬರೆದಿಡುತ್ತಿದ್ದುದು ಮಾಲೀಕರಿಗೆ ಬೇಗ ಹೇಳಲಿಕ್ಕಾಗಿ. ಆದರೆ ಹಣ ಎಣಿಸಿ ಕೊಡುವ ಮುನ್ನ ಅವನು ಆ ಮೊತ್ತವನ್ನು ನಂಬಿ ಕೂರುತ್ತಿರಲಿಲ್ಲ; ಪುಟ ತೆರೆದು ಕೊನೆಯ ನಮೂದಿನವರೆಗೆ ಬೆರಳಿಟ್ಟು ನೋಡುತ್ತಿದ್ದನು. ಈಗಿನ ಗಣಕಯಂತ್ರಕ್ಕೂ ವರ್ತಕರು ಕಲಿಸಬೇಕಾದುದು ಆ ಎರಡು ಅಭ್ಯಾಸಗಳನ್ನೇ.